ಗೊಟ್ಟ ಹಿಡಿಯುವ ಮುನ್ನ ಒಂದು ಮಾತು



ಕಳೆದ ಮಳೆಗಾಲದಲ್ಲಿ ಹೆಗ್ಗದ್ದೆ ಕಡೆಯ ಒಂದು ಮನೆಯಿಂದ ರಾತ್ರಿ ಎಂಟು ಗಂಟೆಗೆ ಫೋನ್ ಬಂತು. ಮೂರನೇ ಕರು ಹಾಕಿ ಎರಡು ದಿನವಾಗಿದ್ದ ಎಚ್.ಎಫ್. ಮಿಶ್ರತಳಿ ಹಸು ಕೊಟ್ಟಿಗೆಯಲ್ಲಿ ಬಿದ್ದಿದೆ, ಏಳುತ್ತಿಲ್ಲ, ಕಿವಿ ತಣ್ಣಗಾಗಿದೆ ಎಂದರು. ನಾನು ಆಗ ಆಲೂರು ಕಡೆ ಕರು ಅಡ್ಡ ಸಿಕ್ಕಿಕೊಂಡ ಇನ್ನೊಂದು ಹಸುವಿನ ಹತ್ತಿರ ಇದ್ದೆ. ಆ ಕೆಲಸ ಮುಗಿಯುವ ಹೊತ್ತಿಗೆ ಹನ್ನೊಂದು ದಾಟಿತ್ತು. ಹೊರಡಬೇಕು ಅನ್ನುವಾಗ ದಾರಿಯಲ್ಲಿ ಕಾಡಾನೆಗಳ ಗುಂಪು ನಿಂತಿದೆ ಎಂಬ ಸುದ್ದಿ ಬಂತು. ನಮ್ಮ ಸೀಮೆಯಲ್ಲಿ ಇದು ಹೊಸದಲ್ಲ, ನಿಮಗೂ ಗೊತ್ತು. ನಾನು ಹೆಗ್ಗದ್ದೆ ತಲುಪಿದ್ದು ಮರುದಿನ ಬೆಳಿಗ್ಗೆ ಏಳಕ್ಕೆ.

ರಾತ್ರಿಯೆಲ್ಲ ಆ ಮನೆಯವರು ಕೈಕಟ್ಟಿ ಕೂರಲಿಲ್ಲ, ಕೂರುವುದು ಸಾಧ್ಯವೂ ಇರಲಿಲ್ಲ. ಪಕ್ಕದ ಊರಿನ ಹಿರಿಯ ನಾಟಿ ಪಂಡಿತರು ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಡೆದು ಬಂದಿದ್ದರು. ಶುಂಠಿ, ಮೆಣಸು, ಓಮ, ಬೆಲ್ಲ ಕುದಿಸಿ ಎರಡು ಗೊಟ್ಟ ಕುಡಿಸಿದ್ದರು. ನಾನು ಹೋಗಿ ನರಕ್ಕೆ ಕ್ಯಾಲ್ಸಿಯಂ ಕೊಟ್ಟೆ. ಅರ್ಧ ಗಂಟೆಯಲ್ಲಿ ಹಸು ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ಮನೆಯೊಡತಿಯ ಕಣ್ಣಲ್ಲಿ ನೀರು. ನಾನೂ ಹೆಮ್ಮೆಯಿಂದ ಕಾಫಿ ಕುಡಿದು ಬಂದೆ.

ಎರಡನೇ ದಿನ ಹಸುವಿಗೆ ಜ್ವರ, ಏದುಸಿರು. ಮೂಗಿನಲ್ಲಿ ನೊರೆ. ಶ್ವಾಸಕೋಶದ ಸದ್ದು ಕೇಳಿದಾಗಲೇ ನನಗೆ ಅರ್ಥವಾಯಿತು. ಕೊಡಬೇಕಾದ ಆ್ಯಂಟಿಬಯಾಟಿಕ್ ಎಲ್ಲ ಕೊಟ್ಟೆ. ನಾಲ್ಕನೇ ದಿನ ಅದು ಸತ್ತಿತು.

ವಾರ ಕಳೆದು ಡೇರಿಗೆ ಹೋದಾಗ ಕೇಳಿದ ಮಾತು: “ಪಂಡಿತರ ಕಷಾಯಕ್ಕೆ ಎದ್ದಿತ್ತು, ಡಾಕ್ಟ್ರು ಸೂಜಿ ಹಾಕಿದ ಮೇಲೆ ಸತ್ತಿತು.” ಆ ಮನೆಯೊಡತಿ ಖಾಲಿ ಕ್ಯಾನು ಕೈಯಲ್ಲಿ ಹಿಡಿದು ನನ್ನನ್ನೇ ಕೇಳಿದರು, “ಹೌದಾ ಡಾಕ್ಟ್ರೇ?” ಅವತ್ತು ನಾನು ಏನೋ ಹೇಳಿ ಜಾರಿಕೊಂಡೆ. ಇವತ್ತು ಉತ್ತರಿಸುತ್ತೇನೆ. ಅವರಿಗೆ ಮಾತ್ರವಲ್ಲ, ಕೊಟ್ಟಿಗೆಯ ಜಂತಿಗೆ ಗೊಟ್ಟ ಸಿಕ್ಕಿಸಿಟ್ಟುಕೊಂಡಿರುವ ಎಲ್ಲರಿಗೂ.

ಹಸು ಬಿದ್ದದ್ದೇಕೆ, ಸತ್ತದ್ದೇಕೆ

ಕರು ಹಾಕಿದ ಕೂಡಲೇ ಕೆಚ್ಚಲಿಗೆ ಗಿಣ್ಣುಹಾಲು ಇಳಿಯುತ್ತದೆ. ಅದಕ್ಕೆ ಬೇಕಾದ ಕ್ಯಾಲ್ಸಿಯಂ ರಕ್ತದಿಂದ ಹೋಗುತ್ತದೆ. ಹೋದಷ್ಟು ಬೇಗ ಮೂಳೆಯಿಂದ, ಕರುಳಿನಿಂದ ತುಂಬಿಕೊಳ್ಳಲು ಆಗದಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಸ್ನಾಯುಗಳು ಕೆಲಸ ನಿಲ್ಲಿಸುತ್ತವೆ. ಹಸು ಬೀಳುತ್ತದೆ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ, ಕಿವಿ ತಣ್ಣಗಾಗುತ್ತದೆ, ಮೂತಿ ಒಣಗುತ್ತದೆ. ಇದೇ ಹಾಲುಜ್ವರ. ಹೆಸರಲ್ಲಿ ಜ್ವರ ಇದೆ, ಮೈಯಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ಮೂರನೇ ಕರುವಿನ ನಂತರ, ಹೆಚ್ಚು ಹಾಲು ಕೊಡುವ ಹಸುಗಳಲ್ಲಿ, ಈದ ಮೂರು ದಿನದೊಳಗೆ ಬರುತ್ತದೆ.

ಈಗ ಒಂದು ವಿಷಯ ಗಮನಿಸಿ. ನಿಲ್ಲಲು ಬೇಕಾದ ಸ್ನಾಯು ಸೋತಾಗ ನುಂಗಲು ಬೇಕಾದ ಸ್ನಾಯುವೂ ಸೋತಿರುತ್ತದೆ. ಅಂಥ ಹಸುವಿನ ಬಾಯಿ ಎತ್ತಿ ಗೊಟ್ಟ ಸುರಿದರೆ ಕಷಾಯ ಹೊಟ್ಟೆಗೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ಶುಂಠಿ, ಮೆಣಸು ವಿಷವಲ್ಲ. ಆದರೆ ಶ್ವಾಸಕೋಶಕ್ಕೆ ಹೋದರೆ ಬರೀ ನೀರು ಕೂಡ ಅಪಾಯ. ಎರಡು ಮೂರು ದಿನದಲ್ಲಿ ಅಲ್ಲಿ ಕೀವು, ಕೊಳೆತ ಶುರುವಾಗುತ್ತದೆ. ಆಗ ನನ್ನ ಚೀಲದಲ್ಲಿರುವ ಔಷಧಿಗಳು ಸಾಮಾನ್ಯವಾಗಿ ಸೋಲುತ್ತವೆ.

ಹಾಗಾಗಿ ನನ್ನ ಉತ್ತರ: ಹಸು ಎದ್ದದ್ದು ಕ್ಯಾಲ್ಸಿಯಂನಿಂದ, ಸತ್ತದ್ದು ಗೊಟ್ಟದಿಂದ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ನಾನು ರಾತ್ರಿಯೇ ತಲುಪಿದ್ದರೆ ಆ ಗೊಟ್ಟದ ಅಗತ್ಯವೇ ಬರುತ್ತಿರಲಿಲ್ಲ. ಅಷ್ಟೂ ಅಲ್ಲದಿದ್ದರೆ, ಫೋನಿನಲ್ಲಿ “ಬಾಯಿಗೆ ಏನೂ ಹಾಕಬೇಡಿ, ಎದೆಯ ಮೇಲೆ ಕೂರುವಂತೆ ಎರಡೂ ಕಡೆ ಹುಲ್ಲಿನ ಮೂಟೆ ಒತ್ತರಿಸಿಡಿ” ಎಂಬ ಎರಡು ಮಾತು ಹೇಳಬಹುದಿತ್ತು. ಅದನ್ನು ಹೇಳದೆ “ಬರ್ತೀನಿ” ಅಂತ ಮಾತ್ರ ಹೇಳಿ ಇಟ್ಟೆ. ಆ ತಪ್ಪು ನನ್ನದು.

“ಆಮೇಲೆ” ಎಂದರೆ “ಅದರಿಂದ” ಅಲ್ಲ

ಡೇರಿಯಲ್ಲಿ ಮಾತಾಡಿಕೊಂಡವರು ಸುಳ್ಳು ಹೇಳಲಿಲ್ಲ. ಕಷಾಯದ ನಂತರ ಹಸು ಎದ್ದದ್ದು ನಿಜ, ಸೂಜಿಯ ನಂತರ ಸತ್ತದ್ದೂ ನಿಜ. ತಪ್ಪಾದದ್ದು ಆ “ನಂತರ”ವನ್ನು “ಕಾರಣ” ಮಾಡಿಕೊಂಡಲ್ಲಿ. ನಾವೆಲ್ಲ ಮಾಡುವ ತಪ್ಪು ಇದು, ಪಶುವೈದ್ಯರೂ ಹೊರತಲ್ಲ.

ಕೆಲಸ ಮಾಡದ ಔಷಧಿಯೂ ಕೆಲಸ ಮಾಡಿದಂತೆ ಕಾಣಲು ಮೂರು ಕಾರಣಗಳಿವೆ. ಮೊದಲನೆಯದು, ಬಹಳ ಕಾಯಿಲೆಗಳು ತಾವಾಗಿಯೇ ವಾಸಿಯಾಗುತ್ತವೆ. ಕಾಲುಬಾಯಿ ಜ್ವರ ಬಂದ ದೊಡ್ಡ ದನಗಳಲ್ಲಿ ಹೆಚ್ಚಿನವು ಎರಡು ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ನಮ್ಮ ರಾಜ್ಯದಲ್ಲಿ 2022ರಲ್ಲಿ ಹಬ್ಬಿದ ಚರ್ಮಗಂಟು ರೋಗದಲ್ಲೂ ಸತ್ತ ದನಗಳಿಗಿಂತ ಬದುಕಿದವೇ ಎಷ್ಟೋ ಪಾಲು ಹೆಚ್ಚು. ಆಗ ವೀಳ್ಯದೆಲೆ-ಮೆಣಸು-ಬೆಲ್ಲ ಕೊಟ್ಟವರೂ “ಗುಣವಾಯಿತು” ಎಂದರು, ಹರಕೆ ಹೊತ್ತವರೂ ಹಾಗೆಯೇ ಅಂದರು, ಏನೂ ಮಾಡದವರೂ ಅದನ್ನೇ ಅಂದರು.

ಎರಡನೆಯದು, ನಾವು ಔಷಧಿ ಹುಡುಕುವುದು ಕಾಯಿಲೆ ತೀರಾ ಜೋರಾದಾಗ. ಏರಿದ ಹೊಳೆ ಇಳಿಯಲೇಬೇಕು. ಇಳಿಯುವ ಹೊತ್ತಿಗೆ ಸರಿಯಾಗಿ ಕೊಟ್ಟ ಔಷಧಿಗೆ ಹೆಸರು ಬರುತ್ತದೆ.

ಮೂರನೆಯದು, ಬದುಕಿದ ಹಸುವಿನ ಕಥೆ ಹತ್ತು ಊರು ಸುತ್ತುತ್ತದೆ, ಸತ್ತ ಹಸುವಿನ ಕಥೆ ಆ ಕೊಟ್ಟಿಗೆಯಲ್ಲೇ ಉಳಿಯುತ್ತದೆ. “ಅದರ ಆಯಸ್ಸು ಅಷ್ಟೇ ಇತ್ತು” ಎಂದು ಸುಮ್ಮನಾಗುತ್ತೇವೆ. ಲೆಕ್ಕದಲ್ಲಿ ಲಾಭ ಮಾತ್ರ ಬರೆದುಕೊಂಡು ನಷ್ಟ ಬಿಟ್ಟರೆ ಯಾವ ವ್ಯಾಪಾರವೂ ಚೆನ್ನಾಗಿಯೇ ಕಾಣುತ್ತದೆ.

ಒಂದೇ ಗದ್ದೆ, ಎರಡು ಮಡಿ

ಹಾಗಾದರೆ ಸತ್ಯ ತಿಳಿಯುವುದು ಹೇಗೆ? ಇದು ನಿಮಗೆ ಆಗಲೇ ಗೊತ್ತಿರುವ ವಿದ್ಯೆ. ಹೊಸ ಗೊಬ್ಬರ ಬಂದರೆ ನೀವು ಇಡೀ ಗದ್ದೆಗೆ ಸುರಿಯುವುದಿಲ್ಲ. ಒಂದೇ ಗದ್ದೆಯ ಎರಡು ಮಡಿ ತೆಗೆದುಕೊಂಡು, ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ಟು, ಕೊಯ್ಲಿನಲ್ಲಿ ಅಳೆದು ನೋಡುತ್ತೀರಿ. ಹಾಕದ ಮಡಿ ಇಲ್ಲದಿದ್ದರೆ ಆ ವರ್ಷದ ಬೆಳೆ ಗೊಬ್ಬರದ್ದೋ ಮಳೆಯದ್ದೋ ಹೇಳಲಾಗದು. ಔಷಧಿಗೂ ಹಾಗೆಯೇ, ಹೋಲಿಸಲು ಔಷಧಿ ಹಾಕದ ಹಸುಗಳೂ ಬೇಕು.

ನಾರ್ವೆ ದೇಶದಲ್ಲಿ ಹೀಗೇ ಮಾಡಿದರು. ಕೆಚ್ಚಲು ಬಾವು ಬಂದ 57 ಹಸುಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದಕ್ಕೆ ಹೋಮಿಯೋಪಥಿ, ಒಂದಕ್ಕೆ ಔಷಧಿಯೇ ಇಲ್ಲದ ಹುಸಿಮದ್ದು, ಇನ್ನೊಂದಕ್ಕೆ ಆ್ಯಂಟಿಬಯಾಟಿಕ್ ಕೊಟ್ಟರು. 2004ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೂರೂ ಗುಂಪಿನಲ್ಲಿ ಹಸುಗಳು ಸುಧಾರಿಸಿದ್ದವು. ಹೋಮಿಯೋಪಥಿಯು ಹುಸಿಮದ್ದಿಗಿಂತ ಹೆಚ್ಚು ಗುಣ ಕೊಟ್ಟಿತು ಎಂಬುದಕ್ಕೆ ಆಧಾರ ಸಿಗಲಿಲ್ಲ. ಎರಡನೇ ಗುಂಪು ಇರದಿದ್ದರೆ ಏನಾಗುತ್ತಿತ್ತು ಯೋಚಿಸಿ. “ನಮ್ಮ ಗುಳಿಗೆಗೆ ಕೆಚ್ಚಲು ಬಾವು ಇಳಿಯಿತು” ಎಂದು ಕರಪತ್ರ ಅಚ್ಚಾಗುತ್ತಿತ್ತು.

ವಿವರಣೆ ತಪ್ಪು, ಮದ್ದು ಸರಿ

ಹಾಗೆಂದು ಪುಸ್ತಕದಲ್ಲಿ ಇಲ್ಲದ್ದೆಲ್ಲ ಸುಳ್ಳು ಎನ್ನುವವನು ನಾನಲ್ಲ. ಇದೇ ಹಾಲುಜ್ವರದ ಹಳೆಯ ಕಥೆ ಕೇಳಿ. 1897ರಲ್ಲಿ ಡೆನ್ಮಾರ್ಕಿನ ಸ್ಮಿಟ್ ಎಂಬ ಪಶುವೈದ್ಯರು ಈ ಕಾಯಿಲೆ ಕೆಚ್ಚಲಿನಲ್ಲಿ ಹುಟ್ಟುವ ಯಾವುದೋ ವಿಷದಿಂದ ಬರುತ್ತದೆ ಎಂದು ನಂಬಿ, ಕೆಚ್ಚಲಿಗೆ ಅಯೋಡೈಡ್ ದ್ರಾವಣ ತುಂಬಿದರು. ಅದುವರೆಗೆ ಸಾಯುತ್ತಿದ್ದ ಹಸುಗಳಲ್ಲಿ ಬಹಳಷ್ಟು ಬದುಕತೊಡಗಿದವು. ಆಮೇಲೆ ನೋಡಿದರೆ ಅಯೋಡೈಡ್ ಬೇಕೇ ಇರಲಿಲ್ಲ, ಬರೀ ಗಾಳಿ ತುಂಬಿದರೂ ಹಸು ಏಳುತ್ತಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿಯುವುದೇ ಕಾರಣವೆಂದು ಗೊತ್ತಾದದ್ದು 1925ರ ಹೊತ್ತಿಗೆ. ಕೆಚ್ಚಲಿನಲ್ಲಿ ಒತ್ತಡ ಹೆಚ್ಚಾದರೆ ಹಾಲು ಇಳಿಯುವುದು ನಿಲ್ಲುತ್ತದೆ, ಕ್ಯಾಲ್ಸಿಯಂ ಸೋರುವುದೂ ನಿಲ್ಲುತ್ತದೆ. ಅಷ್ಟೇ ಗುಟ್ಟು. ಗಾಳಿ ತುಂಬುವಾಗ ಕೊಳೆ ಹೋಗಿ ಕೆಚ್ಚಲು ಬಾವು ಬರುತ್ತಿದ್ದುದರಿಂದ, ಕ್ಯಾಲ್ಸಿಯಂ ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು.

ಇದರಿಂದ ನಾನು ಕಲಿತದ್ದು ಇಷ್ಟು. ಮದ್ದು ಕೊಡುವವರು ಹೇಳುವ ಕಾರಣ ತಪ್ಪಿದ್ದರೂ ಮದ್ದು ಕೆಲಸ ಮಾಡಬಹುದು. ಕಾರಣ ಎಷ್ಟೇ ಚೆಂದವಾಗಿದ್ದರೂ ಮದ್ದು ಸೋಲಬಹುದು. ತೀರ್ಮಾನಿಸುವುದು ಪರೀಕ್ಷೆ. ಹಸಿ ಸೊಪ್ಪು ತಿಂದು ನೊರೆಯಿಂದ ಹೊಟ್ಟೆಯುಬ್ಬರ ಬಂದಾಗ, ನಿಂತಿರುವ ಹಸುವಿಗೆ ನಮ್ಮ ಅಜ್ಜಿಯರು ಅಡುಗೆ ಎಣ್ಣೆ ಕುಡಿಸುತ್ತಿದ್ದರಲ್ಲ, ಅದು ಸರಿಯಾದ ಮದ್ದು. ಎಣ್ಣೆ ನೊರೆಯ ಗುಳ್ಳೆ ಒಡೆಯುತ್ತದೆ. ಅದನ್ನು ನಮ್ಮ ಪಠ್ಯಪುಸ್ತಕಗಳೂ ಒಪ್ಪುತ್ತವೆ. ಚೀನಾದ ಹಳೆಯ ಗಿಡಮೂಲಿಕೆಯೊಂದರಿಂದ ಮಲೇರಿಯಾ ಔಷಧಿ ತೆಗೆದ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಬಂತು. ಪರೀಕ್ಷೆಯಲ್ಲಿ ಗೆದ್ದ ನಾಟಿ ಔಷಧಿ ಬರೀ ಔಷಧಿ ಆಗುತ್ತದೆ, ಅದಕ್ಕೆ ಬೇರೆ ಹೆಸರು ಬೇಕಾಗುವುದಿಲ್ಲ.

ಲೋಳೆಸರ, ಅರಿಶಿನ, ಸುಣ್ಣ

ಹೆಚ್ಚು ಜನ ಕೇಳುವುದು ಇದರ ಬಗ್ಗೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಕೆಚ್ಚಲು ಬಾವಿಗೆ ದಿನಕ್ಕೆ ಹಲವು ಬಾರಿ ಹಚ್ಚುವ ಪದ್ಧತಿಯನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡಿದೆ. ಇದರ ಹಿಂದಿನ ಉದ್ದೇಶ ಒಳ್ಳೆಯದು. ಸಣ್ಣಪುಟ್ಟದಕ್ಕೂ ಆ್ಯಂಟಿಬಯಾಟಿಕ್ ಬಳಸಿದರೆ ಹಾಲಿನಲ್ಲಿ ಅದರ ಅಂಶ ಉಳಿಯುತ್ತದೆ, ಕ್ರಿಮಿಗಳೂ ಔಷಧಿಗೆ ಬಗ್ಗದಂತೆ ಆಗುತ್ತವೆ.

ನನ್ನ ಅಭಿಪ್ರಾಯ ಹೀಗಿದೆ. ಈ ಲೇಪ ಹಚ್ಚುವವರು ಪ್ರತಿ ಬಾರಿಯೂ ಕೆಟ್ಟ ಹಾಲನ್ನು ಪೂರ್ತಿ ಹಿಂಡಿ, ಕೆಚ್ಚಲು ತೊಳೆದು ಹಚ್ಚುತ್ತಾರೆ. ಸೌಮ್ಯವಾದ ಬಾವಿನಲ್ಲಿ ಕೆಲವು ತಾವಾಗಿಯೇ ಇಳಿಯುತ್ತವೆ. ಗುಣದಲ್ಲಿ ಲೇಪದ ಪಾಲೆಷ್ಟು, ಹಿಂಡಿದ್ದರ ಪಾಲೆಷ್ಟು, ತಾನಾಗಿ ಆದದ್ದೆಷ್ಟು ಎಂದು ಬೇರ್ಪಡಿಸಲು ಆ ಎರಡನೇ ಮಡಿ ಬೇಕು. ವಾಸಿಯಾದ ಹಸುಗಳ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಅದು ಈ ಪ್ರಶ್ನೆಗೆ ಉತ್ತರವಲ್ಲ.

ಆದ್ದರಿಂದ ಹಸು ಚೆನ್ನಾಗಿ ಮೇಯುತ್ತಿದ್ದು, ಜ್ವರ ಇಲ್ಲದೆ, ಹಾಲಿನಲ್ಲಿ ಸ್ವಲ್ಪ ಗರಣೆ ಮಾತ್ರ ಇದ್ದರೆ ಲೇಪ ಹಚ್ಚಿ, ನನ್ನ ಅಡ್ಡಿಯಿಲ್ಲ. ಆದರೆ ಹಚ್ಚಿದ ದಿನವೇ ನಮಗೆ ತಿಳಿಸಿ, ಒಂದು ದಿನದಲ್ಲಿ ಸುಧಾರಿಸದಿದ್ದರೆ ಕರೆಯಿರಿ. ಜ್ವರ ಬಂದರೆ, ಮೇವು ಬಿಟ್ಟರೆ, ಹಾಲು ನೀರಾದರೆ ಅಥವಾ ರಕ್ತ ಬಂದರೆ ಒಂದು ಗಂಟೆಯನ್ನೂ ಕಾಯಬೇಡಿ. ಕೆಚ್ಚಲು ತಣ್ಣಗಾಗಿ ನೀಲಿ ತಿರುಗಿದರೆ ಆ ಹೊತ್ತಿಗೆ ಕೊಳೆತ ಶುರುವಾಗಿರುತ್ತದೆ. ಆಗ ಮೊಲೆಯಷ್ಟೇ ಅಲ್ಲ, ಹಸುವೇ ಹೋಗಬಹುದು. ಇನ್ನೊಂದು ಮಾತು: ಲೇಪ ಹಚ್ಚಿದ ಹಸುವಿನ ಕೆಟ್ಟ ಹಾಲೂ ಕೆಟ್ಟ ಹಾಲೇ. ಅದು ಕ್ಯಾನಿಗೆ ಬೀಳಬಾರದು.

ಕೆಂಪು ಮೂತ್ರಕ್ಕೆಲ್ಲ ಒಂದೇ ಮದ್ದೇ?

ನಮ್ಮ ಮಲೆನಾಡಿನಲ್ಲಿ ಹಸು ಕೆಂಪು ಮೂತ್ರ ಮಾಡುವುದು ಅಪರೂಪವಲ್ಲ. “ಉಷ್ಣ ಆಗಿದೆ” ಎಂದು ತಂಪಿನ ಸೊಪ್ಪು ಅರೆದು ಕೊಡುತ್ತೇವೆ. ಆದರೆ ಕಾರಣಗಳು ಬೇರೆ ಬೇರೆ. ಉಣ್ಣೆಯಿಂದ ಹರಡುವ ಬೆಬೇಸಿಯಾ ರಕ್ತಕಣಗಳನ್ನು ಒಡೆಯುತ್ತದೆ. ಈದ ಕೆಲವು ವಾರಗಳಲ್ಲಿ ರಂಜಕದ ಕೊರತೆಯಿಂದಲೂ ರಕ್ತಕಣ ಒಡೆಯುತ್ತವೆ. ಬೆಟ್ಟದ ಸೀಮೆಯ ಒಂದು ಜಾತಿಯ ಜರೀಗಿಡವನ್ನು ಬಹಳ ಕಾಲ ಮೇಯ್ದರೆ ಮೂತ್ರಕೋಶದಲ್ಲೇ ಗಂಟು ಬೆಳೆದು ರಕ್ತ ಸೋರುತ್ತದೆ. ಇಲಿಜ್ವರವೂ ಕಾರಣವಾಗಬಹುದು, ಅದು ಹಾಲು ಕರೆಯುವವರಿಗೂ ಅಂಟುತ್ತದೆ.

ಮನೆಯಲ್ಲೇ ಒಂದು ಕೆಲಸ ಮಾಡಿ. ಆ ಮೂತ್ರವನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಕೆಲವು ಗಂಟೆ ಅಲ್ಲಾಡಿಸದೆ ಇಡಿ. ಹಿಡಿದವರು ಕೈ ಸೋಪಿನಿಂದ ತೊಳೆದುಕೊಳ್ಳಿ. ಕೆಂಪು ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಎಲ್ಲೋ ರಕ್ತ ಸೋರುತ್ತಿದೆ. ಇಡೀ ಬಾಟಲಿ ಒಂದೇ ಬಣ್ಣದಲ್ಲಿ ಉಳಿದರೆ ರಕ್ತಕಣ ಮೈಯೊಳಗೇ ಒಡೆಯುತ್ತಿವೆ. ಈ ಬಾಟಲಿಯನ್ನು ನಮಗೆ ತೋರಿಸಿ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದರೆ ಬೆಬೇಸಿಯಾ ಇದೆಯೇ ತಿಳಿಯಬಹುದು, ಅದಕ್ಕೆ ಒಳ್ಳೆಯ ಔಷಧಿ ಇದೆ. ತಂಪಿನ ಸೊಪ್ಪು ಕೊಟ್ಟು ಕಳೆದ ಮೂರು ದಿನದಲ್ಲಿ ರಕ್ತ ಖಾಲಿಯಾಗಿ ಹೋದರೆ ಆ ಔಷಧಿಯೂ ವ್ಯರ್ಥ.

ಸೊಪ್ಪು ಎಂದ ಮಾತ್ರಕ್ಕೆ ಸೌಮ್ಯವಲ್ಲ

“ಗಿಡಮೂಲಿಕೆ, ಗುಣ ಆಗದಿದ್ದರೂ ಕೆಡುಕಿಲ್ಲ” ಎನ್ನುವವರಿದ್ದಾರೆ. ಕಾಸರಕ, ಕಣಗಿಲೆ, ಗುಲಗಂಜಿ ಇವೂ ಗಿಡಗಳೇ. ಬೇಲಿಯ ಲಂಟಾನ ತಿಂದ ದನಕ್ಕೆ ಕಾಮಾಲೆ ಬಂದು ಚರ್ಮ ಸುಲಿಯುವುದನ್ನು ನೀವೇ ನೋಡಿದ್ದೀರಿ. ಉಣ್ಣೆಗೆಂದು ಹೊಗೆಸೊಪ್ಪಿನ ಗಟ್ಟಿ ಕಷಾಯ ಮೈತುಂಬ ಬಳಿದರೆ ಅದರ ನಿಕೋಟಿನ್ ಚರ್ಮದ ಮೂಲಕವೇ ಒಳಗಿಳಿದು ಕರು ನಡುಗಿ ಬೀಳಬಹುದು. ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತವನ್ನು ಜಂತುಹುಳುವಿಗೆಂದು ಅಂದಾಜಿನಲ್ಲಿ ಕುಡಿಸುವುದೂ ಇದೆ. ತಾಮ್ರದ ವಿಷಕ್ಕೆ ಕುರಿಗಳು ಬೇಗ ಬಲಿಯಾಗುತ್ತವೆ. ಪಕ್ಕೆಗೆ ಕಾಯಿಸಿದ ಕಬ್ಬಿಣದ ಬರೆ ಹಾಕುವುದರಿಂದ ಒಳಗಿನ ಕಾಯಿಲೆ ಹೊರಗೆ ಬರುವುದಿಲ್ಲ. ನೋವು, ಹುಳುಬಿದ್ದ ಗಾಯ, ಇವಷ್ಟೇ ಸಿಗುವುದು. ಹೆಸರಿಲ್ಲದ, ಚೀಟಿಯಿಲ್ಲದ ಪುಡಿ ಕೊಟ್ಟರೆ “ಇದರಲ್ಲಿ ಏನಿದೆ?” ಎಂದು ಕೇಳಿ. ಹೇಳದಿದ್ದರೆ ಕೊಡಬೇಡಿ.

ಪ್ರಯೋಗ ಮಾಡಬಾರದ ಜಾಗ

ಹುಚ್ಚುನಾಯಿ ಕಡಿತಕ್ಕೆ ಬೇರು, ಎಲೆ ಕೊಡುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ಹೆಸರು ಉಳಿದಿರುವುದಕ್ಕೆ ಕಾರಣ ಸರಳ. ಕಚ್ಚುವ ನಾಯಿಗಳೆಲ್ಲಕ್ಕೂ ಹುಚ್ಚು ಇರುವುದಿಲ್ಲ, ಹುಚ್ಚು ಇದ್ದದ್ದು ಕಚ್ಚಿದರೂ ಪ್ರತಿ ಸಲವೂ ರೋಗ ಬರುವುದಿಲ್ಲ. ಬಾರದೇ ಹೋದ ರೋಗವನ್ನು ವಾಸಿ ಮಾಡಿದ ಕೀರ್ತಿ ಬೇರಿಗೆ ಸಿಗುತ್ತದೆ. ಆದರೆ ಲಕ್ಷಣ ಕಾಣಿಸಿಕೊಂಡ ಮೇಲೆ ದನಕ್ಕೆ ಯಾವ ಪದ್ಧತಿಯಲ್ಲೂ ಔಷಧಿ ಇಲ್ಲ. ಕಚ್ಚಿದ ಜಾಗಕ್ಕೆ ಸುಣ್ಣ, ಖಾರದಪುಡಿ, ಕಾಫಿಪುಡಿ ಮೆತ್ತಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಲಸಿಕೆ ಶುರು ಮಾಡಿ. ದನವಾದರೆ ನಮ್ಮಲ್ಲಿಗೆ, ಮನುಷ್ಯರಾದರೆ ಸರ್ಕಾರಿ ಆಸ್ಪತ್ರೆಗೆ. ಮೇವು ಬಿಟ್ಟು ಜೊಲ್ಲು ಸುರಿಸುವ ಹಸುವಿನ ಬಾಯಿಗೆ “ಏನೋ ಸಿಕ್ಕಿಕೊಂಡಿದೆ” ಎಂದು ಬರಿಗೈ ಹಾಕಬೇಡಿ. ಅದು ರೇಬಿಸ್ ಇರಬಹುದು.

ನಮ್ಮ ಕಡೆಯ ತಪ್ಪುಗಳು

ನಮ್ಮ ಇಂಗ್ಲಿಷ್ ಔಷಧಿಯನ್ನೂ ಕಣ್ಣುಮುಚ್ಚಿ ನಂಬಿ ಎಂದು ನಾನು ಹೇಳುತ್ತಿಲ್ಲ. ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ನಮ್ಮವರೇ ದನಗಳಿಗೆ ಧಾರಾಳವಾಗಿ ಕೊಟ್ಟರು. ಸತ್ತ ದನ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು, ದೇಶದಲ್ಲಿ ಅಳಿವಿನಂಚಿಗೆ ಬಂದವು. ತಪ್ಪು ಗೊತ್ತಾದ ಮೇಲೆ 2006ರಲ್ಲಿ ದನಗಳಿಗೆ ಅದರ ಬಳಕೆ ನಿಷೇಧವಾಯಿತು. 2023ರಲ್ಲಿ ಅದೇ ಕಾರಣಕ್ಕೆ ಇನ್ನೆರಡು ಔಷಧಿಗಳು ನಿಷೇಧವಾದವು. ಗಬ್ಬದ ಕೊನೆಯ ವಾರಗಳಲ್ಲಿ ಕ್ಯಾಲ್ಸಿಯಂ ಬಾಟಲಿ ಕುಡಿಸಿದರೆ ಹಾಲುಜ್ವರ ಬರುವುದಿಲ್ಲ ಎಂದು ನಂಬಿಸಿ ಮಾರುವವರೂ ಇದ್ದಾರೆ. ಆಗ ಹೆಚ್ಚು ಕ್ಯಾಲ್ಸಿಯಂ ಕೊಟ್ಟರೆ ಮೂಳೆಯಿಂದ ಅದನ್ನು ತೆಗೆಯುವ ದೇಹದ ಅಭ್ಯಾಸ ಮಂದವಾಗುತ್ತದೆ, ಕಾಯಿಲೆಗೆ ದಾರಿಯಾಗುತ್ತದೆ. ಎಲ್ಲ ಪದ್ಧತಿಗೂ ಒಂದೇ ತಕ್ಕಡಿ ಇರಲಿ. ನನ್ನನ್ನೂ ಕೇಳಿ: ಇದು ಯಾವ ಕಾಯಿಲೆ, ಈ ಸೂಜಿ ಏಕೆ, ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು?

ನೆನಪಿಡಬೇಕಾದದ್ದು

• ಬಿದ್ದಿರುವ, ನಡುಗುವ, ನುಂಗಲಾಗದ ಹಸುವಿಗೆ ಬಾಯಿಯ ಮೂಲಕ ಏನನ್ನೂ ಕೊಡಬೇಡಿ. ಗೊಟ್ಟ, ಬಾಟಲಿ, ಕ್ಯಾಲ್ಸಿಯಂ ದ್ರಾವಣ ಯಾವುದೂ ಬೇಡ.
• ನಿಂತಿರುವ ಹಸುವಿಗೆ ಕುಡಿಸುವಾಗಲೂ ತಲೆ ತೀರಾ ಮೇಲೆತ್ತಬೇಡಿ, ನಾಲಿಗೆ ಎಳೆಯಬೇಡಿ. ಸ್ವಲ್ಪ ಸ್ವಲ್ಪ ಹಾಕಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ.
• ನರಕ್ಕೆ ಕ್ಯಾಲ್ಸಿಯಂ ಕೊಡುವುದು ಕಲಿತವರ ಕೆಲಸ. ವೇಗವಾಗಿ ಹೋದರೆ ಹೃದಯ ನಿಲ್ಲುತ್ತದೆ.
• ಯಾವ ಔಷಧಿ ಕೊಟ್ಟಿದ್ದರೂ ಮುಚ್ಚಿಡದೆ ಹೇಳಿ. ನಾವು ಬೈಯಲು ಕೇಳುವುದಿಲ್ಲ, ಮುಂದಿನ ಔಷಧಿ ಆರಿಸಲು ಕೇಳುತ್ತೇವೆ.
• ಕಾಲುಬಾಯಿ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ. ಅದಕ್ಕೆ ಬದಲಿಯಾಗಿ ಯಾವ ಕಷಾಯವೂ ಇಲ್ಲ.
• ತುರ್ತಿದ್ದರೆ ಡೇರಿ ಕಾರ್ಯದರ್ಶಿಗೆ ತಿಳಿಸಿ ಅಥವಾ 1962ಕ್ಕೆ ಕರೆಮಾಡಿ.

ಆ ನಾಟಿ ಪಂಡಿತರನ್ನು ಆಮೇಲೆ ಹುಡುಕಿಕೊಂಡು ಹೋದೆ. ಜಗಳಕ್ಕಲ್ಲ. ಹಾಲುಜ್ವರದ ಹಸು ಏಕೆ ನುಂಗುವುದಿಲ್ಲ ಎಂದು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗೆ ಕೆಮ್ಮಿ ಸತ್ತ ದನ ಇನ್ನೂ ಕೆಲವು ನೋಡಿದ್ದೆ, ಚಳಿ ಹಿಡಿದಿದೆ ಅಂದುಕೊಂಡಿದ್ದೆ” ಎಂದರು. ಅಷ್ಟು ಪ್ರಾಮಾಣಿಕವಾಗಿ ಹೇಳುವುದು ಸುಲಭವಲ್ಲ. ನಾನೂ ನನ್ನ ತಡವನ್ನು ಒಪ್ಪಿಕೊಂಡೆ. ಈಗ ರಾತ್ರಿ ಅವರನ್ನು ಯಾರಾದರೂ ಕರೆದರೆ ಅವರು ಹೋಗುತ್ತಾರೆ, ಹಸುವನ್ನು ಎದೆಯ ಮೇಲೆ ಕೂರಿಸಿ ಮೂಟೆ ಒತ್ತರಿಸುತ್ತಾರೆ, ನನಗೆ ಫೋನ್ ಮಾಡುತ್ತಾರೆ. ಗೊಟ್ಟ ಹಿಡಿಯುವುದಿಲ್ಲ. ನಾನು ತಲುಪುವವರೆಗೆ ಹಸುವಿನ ಹತ್ತಿರ ತಿಳಿದವರೊಬ್ಬರು ಇದ್ದಾರೆ ಎಂಬ ಧೈರ್ಯ ನನಗೂ ಇದೆ.

ಆ ಮನೆಯಲ್ಲಿ ಅಂದು ಹುಟ್ಟಿದ ಹೆಣ್ಣುಗರು ಬದುಕಿದೆ, ಈಗ ಕಡಸಾಗುತ್ತಿದೆ. ಅದು ಗಬ್ಬವಾಗಿ ಈಯುವ ಹೊತ್ತಿಗೆ ಈ ಪತ್ರಿಕೆಯ ಈ ಪುಟ ಆ ಕೊಟ್ಟಿಗೆಯ ಗೋಡೆಯ ಮೇಲಿರಲಿ ಎಂಬುದು ನನ್ನ ಆಸೆ. ನಿಮ್ಮ ಕೊಟ್ಟಿಗೆಯಲ್ಲೂ ಇರಲಿ.